ಬೆನ್ನ ಮೇಲೆ ಹನ್ನೊಂದು ಗೆರೆ

ನನ್ನ ಅಜ್ಜಿ ಸತ್ತದ್ದು ಶುಕ್ರವಾರ ಸಂಜೆ ಐದಕ್ಕೆ. ನನಗೆ ಹೇಳಿದ್ದು ಶನಿವಾರ ಸಂಜೆ ಆರಕ್ಕೆ. ಆ ಮಧ್ಯೆ ನಾನು ನಾಲ್ಕು ಗೋಲು ಹೊಡೆದಿದ್ದೆ.

ನಾವು ನೂಂಗಾರ್ ಜನ, ಪರ್ತ್ ಕಡೆಯ ಮೂಲನಿವಾಸಿಗಳು, ಸತ್ತವರ ಹೆಸರನ್ನು ಎಲ್ಲೆಂದರಲ್ಲಿ ಎತ್ತುವುದಿಲ್ಲ. ಅದಕ್ಕೇ ಇಲ್ಲಿ ಅವಳು ಬರೀ ನ್ಯಾನ್, ಅಂದರೆ ಅಜ್ಜಿ. ನಮ್ಮೂರು ಟ್ಯಾಂಬೆಲಪ್ಪಿನ ಬಿಳಿಯರು ಕಾಡು ಉರುಳಿಸಿ ಗೋಧಿ ಹೊಲ ಮಾಡಿಕೊಂಡಾಗ ಮಣ್ಣೊಳಗೆ ಉಳಿದ ಬೇರುಗಳನ್ನು ಬರಿಗೈಯಲ್ಲಿ ಕಿತ್ತು ರಾಶಿ ಹಾಕಿದವರು ನಮ್ಮವರು. ನ್ಯಾನ್ ಏಳನೇ ವಯಸ್ಸಿಗೆ ಆ ಕೆಲಸಕ್ಕೆ ಇಳಿದಳು. ಮೂವತ್ತು ವರ್ಷ ಬೇರು ಕಿತ್ತಳು. ಕೊನೆಕೊನೆಗೆ ಅವಳ ಬೆರಳು ನೆಟ್ಟಗಾಗುತ್ತಲೇ ಇರಲಿಲ್ಲ. ಚಹಾದ ಲೋಟವನ್ನು ಎರಡು ಅಂಗೈಯ ನಡುವೆ ಒತ್ತಿ ಹಿಡಿಯುತ್ತಿದ್ದಳು. ನನ್ನಮ್ಮ ಸತ್ತಾಗ ನನಗೆ ಮೂರು ವರ್ಷ. ಆಮೇಲೆ ನನ್ನನ್ನು ಸಾಕಿದ್ದು ಆ ಕೈಗಳು.

ಹದಿನೆಂಟಕ್ಕೆ ಹ್ಯಾರಿಯರ್ಸ್ ಕ್ಲಬ್ಬಿನವರು ನನ್ನನ್ನು ಆರಿಸಿಕೊಂಡು ಮೆಲ್ಬರ್ನಿಗೆ ಒಯ್ದರು. ಊರಿನಿಂದ ಮೂರು ಸಾವಿರ ಕಿಲೋಮೀಟರ್. ಟೀವಿಯಲ್ಲಿ ನೋಡುವವರಿಗೆ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ನಮ್ಮ ದೇಶದ ಫುಟ್ಬಾಲ್ ಆಟ ಅಂದರೆ ಓಟ, ನೆಗೆತ, ಚಪ್ಪಾಳೆ. ಒಳಗಿದ್ದವನಿಗೆ ಅದು ಮೈಯನ್ನು ಅಡವಿಟ್ಟ ಬದುಕು. ವಾರಕ್ಕೊಮ್ಮೆ ಬರೀ ಚಡ್ಡಿಯಲ್ಲಿ ನಿಲ್ಲಿಸಿ, ಇಕ್ಕಳದಿಂದ ಮೈಯ ಏಳು ಕಡೆ ತೊಗಲು ಹಿಡಿದೆಳೆದು ಕೊಬ್ಬು ಅಳೆಯುತ್ತಿದ್ದರು. ಅಳೆದದ್ದನ್ನು ಗೋಡೆಗೆ ಅಂಟಿಸುತ್ತಿದ್ದರು. ನಾನು ಊರಿನಿಂದ ವಾಪಸ್ಸು ಬಂದಾಗಲೆಲ್ಲ ಕೋಚ್ ಹ್ಯಾಲರನ್ ಆ ಹಾಳೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದ:

"ಏನೋ ರೋಪ್ಸ್, ಊರಲ್ಲಿ ಕಾಂಗರೂ ಜಾಸ್ತಿ ಬಾರಿಸ್ಬಿಟ್ಯಾ?"

ನಲವತ್ತು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯ.

ನನ್ನ ಹೆಸರು ಕೆಲ್ವಿನ್ ರೋಪರ್. ಒಂಬತ್ತು ವರ್ಷ ಆಡಿದೆ. ಎಡ ಭುಜವನ್ನು ಮೂರು ಸಲ ಕೊಯ್ದರು. ಪ್ರತಿ ಮ್ಯಾಚಿಗೆ ಮುಂಚೆ ಡಾಕ್ಟರು ಭುಜಕ್ಕೆ ಸೂಜಿ ಚುಚ್ಚಿ ನೋವು ಮಲಗಿಸುತ್ತಿದ್ದರು. ಆಟ ಮುಗಿದ ಮೇಲೆ ನೋವು ಬಡ್ಡಿ ಸಮೇತ ಏಳುತ್ತಿತ್ತು. ಬಲಗೈಯಿಂದ ಎಡಗೈಯನ್ನು ಎತ್ತಿ ಅಂಗಿಯ ತೋಳೊಳಗೆ ತೂರಿಸಿಕೊಳ್ಳುತ್ತಿದ್ದೆ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಕೂಲಿಗೆ ಹೋದವನು ಬೆವರಿಗೆ ಅಳಬಾರದು ಅನ್ನುತ್ತಿದ್ದಳು ನ್ಯಾನ್.

ಆ ಸೆಪ್ಟೆಂಬರಿನಲ್ಲಿ ನಾವು ಸೆಮಿಫೈನಲ್ಲಿಗೆ ಅಡಿಲೇಡಿಗೆ ಹೊರಟೆವು. ಗುರುವಾರ ಮಧ್ಯಾಹ್ನ ಬಸ್ಸು ಹತ್ತುವಾಗ ಹ್ಯಾಲರನ್ ಬಾಗಿಲಲ್ಲಿ ಒಂದು ನೀಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. ಅದು ಅವನ ಪದ್ಧತಿ. ದೊಡ್ಡ ಮ್ಯಾಚಿನ ವಾರ ಎಲ್ಲರ ಫೋನೂ ಅದರೊಳಗೆ. ಸೈರನ್ ಕೂಗಿ ಆಟ ಮುಗಿದ ಮೇಲೇ ವಾಪಸ್ಸು.

"ಕೋಚ್, ನ್ಯಾನ್‌ಗೆ ಹುಷಾರಿಲ್ಲ. ಪರ್ತ್ ಆಸ್ಪತ್ರೇಲಿದ್ದಾಳೆ" ಅಂದೆ.

"ಏನಾದ್ರೂ ಇದ್ರೆ ಮನೆಯವ್ರು ಸ್ಟೋಕ್‌ಗೆ ಫೋನ್ ಮಾಡ್ತಾರೆ. ಅವ್ನು ನಿಂಗೆ ಹೇಳ್ತಾನೆ. ಹಾಕೋ ಒಳಗೆ."

ಸ್ಟೋಕ್ ಅಂದರೆ ತಂಡದ ಮ್ಯಾನೇಜರ್. ಹಾಕಿದೆ.

ಶನಿವಾರ ಗೆದ್ದೆವು. ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ವೃತ್ತವಾಗಿ ನಿಂತು ಕ್ಲಬ್ಬಿನ ಹಾಡು ಕಿರುಚಿದರು, ನಾನೂ ಕಿರುಚಿದೆ. ಆಮೇಲೆ ಐಸ್ ತೊಟ್ಟಿಯಲ್ಲಿ ಸೊಂಟದವರೆಗೂ ಇಳಿದು ಕೂತೆ. ಹ್ಯಾಲರನ್ ಮತ್ತು ಸ್ಟೋಕ್ ಬಂದು ಬಾಗಿಲು ಹಾಕಿಕೊಂಡರು.

"ಕೆಟ್ಟ ಸುದ್ದಿ ಕಣೋ ರೋಪ್ಸ್. ನಿಮ್ಮಜ್ಜಿ ಹೋಗ್ಬಿಟ್ರು" ಅಂದ ಸ್ಟೋಕ್.

"ಯಾವಾಗ?"

ಅವನು ಹ್ಯಾಲರನ್ ಮುಖ ನೋಡಿದ.

"ನಿನ್ನೆ."

"ನಿನ್ನೆಯಾ?"

"ಹೇಳಿದ್ರೆ ನೀನು ಹೊರಟ್ಹೋಗ್ತಿದ್ದೆ" ಅಂದ ಹ್ಯಾಲರನ್. "ನಲವತ್ತು ಜನರ ಒಂದು ವರ್ಷದ ದುಡಿಮೆ ನೀರುಪಾಲಾಗ್ತಿತ್ತು. ನೀನು ಹೋಗಿದ್ರೆ ಆಕೆ ಬದುಕ್ತಿದ್ಲಾ? ಯೋಚ್ನೆ ಮಾಡು. ಮುಂದೊಂದಿನ ನೀನೇ ನಂಗೆ ಥ್ಯಾಂಕ್ಸ್ ಹೇಳ್ತೀಯ."

ಎದ್ದು ಹೊಡೆಯಬೇಕಿತ್ತು. ಏಳಲಿಕ್ಕಾಗಲಿಲ್ಲ. ಕಾಲು ಮರಗಟ್ಟಿದ್ದವು.

ಅಷ್ಟೇ ಆಗಿದ್ದರೆ ಬರೀ ದುಃಖ ಅನ್ನಬಹುದಿತ್ತು. ನಾನು ವಿಮಾನ ಹತ್ತುವಷ್ಟರಲ್ಲಿ ಕ್ಲಬ್ಬಿನವರು ನ್ಯಾನ್‌ಳ ಫೋಟೋ ಹುಡುಕಿ ತೆಗೆದು, ಹೆಸರು ಸಮೇತ, ಇಡೀ ದೇಶಕ್ಕೆ ಹಂಚಿಬಿಟ್ಟಿದ್ದರು. ಕೆಳಗೆ ದಪ್ಪಕ್ಷರದಲ್ಲಿ: 'ಅಗಲಿದ ಅಜ್ಜಿಗಾಗಿ ನಾಲ್ಕು ಗೋಲು.' ಅಂದರೆ ಓದಿದವರ ಲೆಕ್ಕದಲ್ಲಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದೆ. ಸತ್ತವಳ ಮುಖವನ್ನೂ ಹೆಸರನ್ನೂ ಬೀದಿಗೆ ತಂದರು, ಜೊತೆಗೆ ನನ್ನನ್ನು ಹೆಣಕ್ಕೆ ಬೆನ್ನು ಹಾಕಿದವನನ್ನಾಗಿ ಮಾಡಿದರು.

ಮಣ್ಣಿಗೆ ನಮ್ಮವರು ನಾನೂರು ಜನ ಸೇರಿದ್ದರು. ನ್ಯಾನ್‌ಳ ಮಗ ಅಂಕಲ್ ಕ್ಲೆಮ್, ನನಗೆ ಮೊದಲ ಸಲ ಚೆಂಡು ಒದೆಯಲು ಕಲಿಸಿದವನು, ನಾನು ಹತ್ತಿರ ಹೋದಾಗ ತಿರುಗಿ ನಿಂತ. ನನ್ನ ಚಾಚಿದ ಕೈ ಹಾಗೇ ಉಳಿಯಿತು. ಹಿಂದೆ ಯಾರೋ ಅಂದರು: "ಸ್ಟಾರ್ ಬಂದ್ರು. ಬಿಡುವಾಯ್ತೇನೋ."

ಸಂಜೆ ಆಂಟಿ ವರ್ನಾ, ನ್ಯಾನ್‌ಳ ಕಿರಿ ಮಗಳು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಿಜ ಹೇಳು. ಮ್ಯಾಚ್ ಮುಗಿಸ್ಕೊಂಡು ಬರ್ತೀನಿ ಅಂದ್ಯಾ?"

"ಯಾರಿಗೆ?"

"ಆ ಸ್ಟೋಕ್‌ಗೆ. ಹನ್ನೊಂದು ಸಲ ಫೋನ್ ಮಾಡಿದ್ದೀನಿ ಕಣೋ ನಾನು. ಗುರುವಾರ ನಾಲ್ಕು ಗಂಟೆಯಿಂದ. ಮೊದಲು ಹೇಳ್ತೀನಿ ಹೇಳ್ತೀನಿ ಅಂದ. ಐದನೇ ಸಲ ಏನಂದ ಗೊತ್ತಾ? 'ಅವನಿಗೆ ಹೇಳಿದ್ದೀನಿ, ಮ್ಯಾಚ್ ಮುಗಿಸ್ಕೊಂಡು ಬರ್ತಾನಂತೆ' ಅಂದ. ಆಮೇಲೆ ಎತ್ತೋದೇ ಬಿಟ್ಟ. ಕೊನೇ ಸಲ ಎತ್ತಿ, ನನ್ನ ದನಿ ಕೇಳಿ, ಕಟ್ ಮಾಡ್ದ."

"ಆಂಟಿ, ನಂಗೆ ಹೇಳಿದ್ದೇ ಶನಿವಾರ."

ಅವಳು ಕುರ್ಚಿ ಎಳೆದು ಕೂತಳು.

"ನ್ಯಾನ್ ಕೇಳ್ತಾನೇ ಇದ್ಲು, ಕೆಲ್ ಬಂದ್ನಾ, ಕೆಲ್ ಬಂದ್ನಾ ಅಂತ. ನಾನು ಹೋಗಿ ಅವ್ನು ಹೇಳಿದ್ದೇ ಹೇಳ್ಬಿಟ್ಟೆ. ಮ್ಯಾಚ್ ಆದ್ಮೇಲೆ ಬರ್ತಾನಂತೆ ಅಂತ."

"ಏನಂದ್ಲು?"

"'ಆಡ್ಲಿ ಬಿಡು' ಅಂದ್ಲು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ಲು."

ಅವತ್ತು ನನ್ನೊಳಗೆ ಬಿದ್ದ ಬೆಂಕಿ ಆರಲಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಕ್ಲಬ್ಬಿಗೆ ದೂರು ಬರೆದೆ. ವಿಚಾರಣೆಗೆ ಅವರು ತಮ್ಮವರನ್ನೇ ಕೂರಿಸಿದರು, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಸಂವಹನದಲ್ಲಿ ಲೋಪವಾಗಿದೆ ಎಂದು ಒಂದು ಪುಟ ಬರೆದು ಮುಚ್ಚಿದರು. ಹ್ಯಾಲರನ್ ತನಗೆ ಏನೂ ಗೊತ್ತಿರಲಿಲ್ಲ ಅಂದಿದ್ದ. ತೊಟ್ಟಿಯ ಕೋಣೆಯಲ್ಲಿದ್ದವರು ಮೂರೇ ಜನ, ಅದರಲ್ಲಿ ಇಬ್ಬರು ಅವರು. ನಾಯಕ ಜಾಕೋ ನನ್ನ ಹೆಗಲು ತಟ್ಟಿ, "ಬಿಟ್ಬಿಡು ಮೇಟ್, ಕ್ಲಬ್ ಅಂದ್ರೆ ಒಂದು ಕುಟುಂಬ" ಅಂದ. ನನ್ನ ಕುಟುಂಬವನ್ನು ಗೋಡೆ ಕಡೆ ತಿರುಗಿಸಿ ಮಲಗಿಸಿದವರ ಬಾಯಲ್ಲಿ ಆ ಮಾತು!

ನನಗೆ ದುಡ್ಡು ಬೇಕಿರಲಿಲ್ಲ. ಕ್ಷಮೆಯೂ ಬೇಕಿರಲಿಲ್ಲ. 'ಗುರುವಾರವೇ ಗೊತ್ತಿತ್ತು, ಆ ಸುಳ್ಳು ಹೇಳಿಸಿದವನು ನಾನೇ' ಎಂದು ಹ್ಯಾಲರನ್ ತನ್ನ ಬಾಯಿಂದ, ಇತರರು ಕೇಳುವ ಹಾಗೆ ಹೇಳಬೇಕಿತ್ತು. ಅಲ್ಲಿಯವರೆಗೆ ಟ್ಯಾಂಬೆಲಪ್ಪಿನಲ್ಲಿ ನಾನು ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

ಜನವರಿಯಲ್ಲಿ ಪ್ರಚಾರ ವಿಭಾಗದ ಟೋಬಿ ಬಂದ. ವರ್ಷಕ್ಕೊಂದು ಸಲ, ಮೇ ತಿಂಗಳಲ್ಲಿ, ನಮ್ಮ ಜನರ ಗೌರವಕ್ಕೆಂದು ಎಲ್ಲ ತಂಡಗಳೂ ನಮ್ಮವರು ಬಿಡಿಸಿದ ಚಿತ್ರದ ಜೆರ್ಸಿ ಹಾಕಿ ಆಡುತ್ತವೆ.

"ನಿಮ್ಮ ಆಂಟಿ ಚಿತ್ರ ಬರೀತಾರಂತಲ್ಲ ರೋಪ್ಸ್? ಈ ಸಲ ಅವರ ಕೈಲೇ ಮಾಡಿಸೋಣ. ಆ ಬೇಜಾರೆಲ್ಲ ಇದ್ರಲ್ಲಿ ತೊಳೆದು ಹೋಗ್ಲಿ."

ಥೂ ಅನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವತ್ತೇ ಆಂಟಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು.

"ಏನು ಬರೆದ್ರೂ ಹಾಕ್ಕೋತಾರಾ?"

"ಅರ್ಥ ಕೇಳಿದ್ರೆ ನಿಜಾನೇ ಹೇಳ್ಬೇಕಾಗತ್ತೆ ಆಂಟಿ."

"ಕೇಳಲ್ಲ ಬಿಡು. ಈ ಬಿಳಿ ಜನ ನಮ್ಮ ಚಿತ್ರ ಕೊಂಡ್ಕೋತಾರೆ, ಚೆನ್ನಾಗಿದೆ ಅಂತಾರೆ. ಅರ್ಥ ತಾವೇ ಬರ್ಕೋತಾರೆ."

ಆಂಟಿ ಅಡುಗೆಮನೆಯ ಮೇಜಿನ ಮೇಲೆ ಬರೆದಳು. ಎದೆಯ ಮೇಲೆ ನಮ್ಮೂರಿನ ಬಿಳಿ ಉಪ್ಪಿನ ಕೆರೆ, ಅದರ ದಡದಲ್ಲಿ ಮುಖ ತಿರುಗಿಸಿ ಮಲಗಿದ ಒಂದು ಬಾಗಿದ ಆಕೃತಿ. ಬೆನ್ನ ಮೇಲೆ ಸಂಖ್ಯೆಯ ಕೆಳಗೆ ಹನ್ನೊಂದು ಗೆರೆ. ಹತ್ತು ಉದ್ದ. ಹನ್ನೊಂದನೆಯದು ಅರ್ಧಕ್ಕೇ ತುಂಡು.

ಕ್ಲಬ್ಬಿನವರು ಮೂರು ಪ್ರಶ್ನೆ ಕೇಳಿದರು. ಪ್ರಾಯೋಜಕರ ಹೆಸರು ಮುಚ್ಚಿಹೋಗುತ್ತದೆಯೇ? ಕ್ಲಬ್ಬಿನ ಬಣ್ಣವಾದ ಹಸಿರನ್ನು ಇನ್ನೂ ಕಡು ಮಾಡಬಹುದೇ? ಆ ಕೊನೆಯ ಗೆರೆ ತಪ್ಪಿ ಹಾಗಾಗಿದೆಯೇ, ಉದ್ದ ಮಾಡಲೇ? ಇಲ್ಲ, ಅದು ಹಾಗೇ ಇರಬೇಕು ಎಂದು ಆಂಟಿ ಬರೆದಳು. ಸರಿ ಅಂದರು. ಯಾಕೆ ಎಂದು ಒಬ್ಬ ಮಗನೂ ಕೇಳಲಿಲ್ಲ. ಟೋಬಿ ತಾನೇ ಅರ್ಥ ಬರೆದ: 'ಹನ್ನೊಂದು ನದಿಗಳು, ಒಂದೇ ತಂಡ.' ಬೇಸಿಗೆಯಲ್ಲಿ ಒಂದು ಹಳ್ಳವೂ ಹರಿಯದ ನಮ್ಮ ಊರಿಗೆ ಹನ್ನೊಂದು ನದಿ ಹರಿಸಿಬಿಟ್ಟ ಪುಣ್ಯಾತ್ಮ. ಜೆರ್ಸಿ ಅಂಗಡಿಗಳಿಗೆ ಹೋಯಿತು. ಮಕ್ಕಳು ಹಾಕಿಕೊಂಡು ಬೀದಿಯಲ್ಲಿ ಓಡಾಡಿದರು.

ಪಂದ್ಯಕ್ಕೆ ಎರಡು ದಿನ ಮುಂಚೆ ಕ್ಲಬ್ಬಿನಲ್ಲಿ ಒಂದು ಶಾಸ್ತ್ರವಿದೆ. ಚಿತ್ರ ಬರೆದ ಮನೆಯ ಆಟಗಾರ ಎಲ್ಲರ ಮುಂದೆ ನಿಂತು ಅದರ ಕಥೆ ಹೇಳಬೇಕು. ಕೋಚ್ ಅವನಿಗೆ ಮೊದಲ ಜೆರ್ಸಿ ತೊಡಿಸಬೇಕು. ಆಟಗಾರರು, ಅಧ್ಯಕ್ಷರು, ಪ್ರಾಯೋಜಕರು, ನಾಲ್ಕು ಟೀವಿ ಕ್ಯಾಮೆರಾ. ಮುಂದಿನ ಸಾಲಿನಲ್ಲಿ ಆಂಟಿ ವರ್ನಾ, ಹೊಸ ಕಾರ್ಡಿಗನ್ ಹಾಕಿಕೊಂಡು. ಹ್ಯಾಲರನ್ ಮೈಮೇಲೂ ಅದೇ ಚಿತ್ರದ ಟೀಶರ್ಟು. ಟೋಬಿ ನನ್ನ ಕೈಗೆ ಚೀಟಿ ಕೊಟ್ಟ. ಮಡಚಿ ಜೇಬಿಗೆ ಹಾಕಿಕೊಂಡೆ.

"ಇದು ನದಿ ಅಲ್ಲ" ಅಂದೆ. "ಇದು ಫೋನು. ನನ್ನ ಅಜ್ಜಿ ಸಾಯುತ್ತಿದ್ದಾಗ ನನ್ನ ಆಂಟಿ ಈ ಕ್ಲಬ್ಬಿಗೆ ಹನ್ನೊಂದು ಸಲ ಫೋನು ಮಾಡಿದಳು. ಈ ಕೊನೆಯ ಗೆರೆ ತುಂಡಾಗಿದೆ ನೋಡಿ, ಅದನ್ನು ಸ್ಟೋಕ್ ಕಟ್ ಮಾಡಿದ. ನನಗೆ ಹೇಳಲಿಲ್ಲ. ನಾನು ಆಟ ಮುಗಿಸಿ ಬರುತ್ತೇನೆ ಅಂದೆನೆಂದು ಅವಳಿಗೆ ಸುಳ್ಳು ಹೇಳಿದರು. ಎದೆಯ ಮೇಲಿರುವುದು ಆ ಸುಳ್ಳು ಕೇಳಿ ಗೋಡೆ ಕಡೆ ತಿರುಗಿದ ಮುದುಕಿ. ಇವತ್ತಿನಿಂದ ನೀವೆಲ್ಲ ಇದನ್ನು ಹೊತ್ತುಕೊಂಡು ಓಡಿ."

ಒಂದು ಕ್ಯಾಮೆರಾ ಹ್ಯಾಲರನ್ ಎದೆಯ ಕಡೆ ತಿರುಗಿತು. ಅವನು ಜಾಣ. ಕಣ್ಣು ಒದ್ದೆ ಮಾಡಿಕೊಂಡು, ಎರಡೂ ತೋಳು ಚಾಚಿ ನನ್ನನ್ನು ತಬ್ಬಲು ಬಂದ.

"ಮುಟ್ಬೇಡ" ಅಂದೆ. "ಗುರುವಾರಾನೇ ಗೊತ್ತಿತ್ತೋ ಇಲ್ವೋ, ಅದು ಹೇಳು."

"ಮೇಟ್, ನನ್ನಾಣೆ, ನಂಗೆ ಗೊತ್ತಾಗಿದ್ದು ಸೈರನ್ ಆದ್ಮೇಲೆ."

ಸಂಜೆಯೊಳಗೆ ಸ್ಟೋಕ್ ರಾಜೀನಾಮೆ ಕೊಟ್ಟ. ತಪ್ಪೆಲ್ಲ ಅವನದೊಬ್ಬನದೇ ಅಂದರು. ಹ್ಯಾಲರನ್ ಎಲ್ಲ ಚಾನೆಲ್ಲಿನಲ್ಲೂ ಕೂತು ಅದೇ ಆಣೆ ಇಟ್ಟ, ಕೈ ತೊಳೆದುಕೊಂಡ. ಜೆರ್ಸಿ ವಾಪಸ್ಸು ತೆಗೆದುಕೊಂಡರೆ ತಪ್ಪು ಒಪ್ಪಿದ ಹಾಗಾಗುತ್ತದೆ, ಹಾಗಾಗಿ ಅದನ್ನೇ ಹಾಕಿ ಆಡುವುದೆಂದು ತೀರ್ಮಾನವಾಯಿತು. ನನ್ನನ್ನು ಹೊರಗಿಟ್ಟರೂ ಹಾಗೇ ಆಗುತ್ತಿತ್ತು. ನನ್ನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಅಂಕಲ್ ಕ್ಲೆಮ್ ಎಂಟು ತಿಂಗಳ ಮೇಲೆ ಮೊದಲ ಸಲ ನನಗೆ ಫೋನು ಮಾಡಿದ. "ಕೋಚು ಗೊತ್ತೇ ಇರ್ಲಿಲ್ಲ ಅಂತಾನೆ, ನೀನು ಇತ್ತು ಅಂತೀಯ. ಯಾರ್ದು ನಂಬ್ಲಿ ನಾನು?" ಅಂದ. ಬಿಳಿಯನ ಆಣೆಗೆ ಅಷ್ಟು ತೂಕ. ನಾನು ಮ್ಯಾಚಿಗೆ ಬಾ ಅಂದೆ. ವಿಮಾನ ಹತ್ತಲು ಹೆದರುವ ಮನುಷ್ಯ, ಬಂದ.

ಶನಿವಾರ ಮಧ್ಯಾಹ್ನ ಎರಡಕ್ಕೆ ಆಟ. ಡಾಕ್ಟರು ಸೂಜಿ ಚುಚ್ಚಿದರು. ನಮ್ಮ ಆಟಕ್ಕೆ ನಾಲ್ಕು ಕ್ವಾರ್ಟರು. ಮೊದಲ ಕ್ವಾರ್ಟರಿನಲ್ಲಿ ಎರಡು ಗೋಲು ಹೊಡೆದೆ. ಬಿಡುವಿಗೆ ಬಂದವನನ್ನು ಬೆಂಚಿನ ಮೇಲೆ ಕೂರಿಸಿದರು. ಎರಡನೇ ಕ್ವಾರ್ಟರ್ ಕಳೆಯಿತು. ಮೂರನೆಯದೂ ಕಳೆಯಿತು. ಬದಲಿ ಆಟಗಾರರೆಲ್ಲ ಹೋದರು, ಬಂದರು, ಹೋದರು. ನನ್ನನ್ನು ಕರೆಯಲಿಲ್ಲ. ಇದು ಹ್ಯಾಲರನ್ ಕೊಟ್ಟ ಶಿಕ್ಷೆ. ಕೋಚ್ ಕೂರುವ ಮೇಲಿನ ಗಾಜಿನ ಕೋಣೆಯಲ್ಲಿ ಅವನು ಜಾಕೆಟ್ಟಿನ ಜಿಪ್ ಕತ್ತಿನವರೆಗೂ ಎಳೆದುಕೊಂಡು ಚಿತ್ರ ಮುಚ್ಚಿಕೊಂಡು ಕೂತಿದ್ದ. ನನ್ನ ಬೆನ್ನ ಹಿಂದೆ, ಬೇಲಿಯಾಚೆ ಮೊದಲ ಸಾಲಿನಲ್ಲಿ, ಆಂಟಿ ಮತ್ತು ಅಂಕಲ್. ನನ್ನ ಭುಜದ ಮದ್ದು ಇಳಿಯತೊಡಗಿತ್ತು.

ಕೊನೆಯ ಕ್ವಾರ್ಟರಿನಲ್ಲಿ ಆರು ನಿಮಿಷ ಉಳಿದಿತ್ತು. ಐದು ಅಂಕ ಹಿಂದಿದ್ದೆವು. ಗೋಲಿಗೆ ಆರು ಅಂಕ, ಒಂದು ಗೋಲು ಸಾಕಿತ್ತು, ಹೊಡೆಯುವವರು ಇರಲಿಲ್ಲ. ಬೆಂಚಿನ ಪಕ್ಕದ ಫೋನು ಬಡಿದುಕೊಂಡಿತು. ಮೇಲಿಂದ ಕೋಚ್ ಮಾತಾಡುವ ಫೋನು ಅದು. ಬೆಂಚು ನೋಡಿಕೊಳ್ಳುವ ಪೀಟ್, ಅದೇ ಲೈನಿನ ಹೆಡ್‌ಫೋನ್ ಕಿವಿಗೆ ಹಾಕಿಕೊಂಡಿದ್ದವನು, ರಿಸೀವರ್ ನನ್ನ ಕೈಗೆ ಕೊಟ್ಟ.

"ಎದ್ದೇಳು, ಒಳಗೆ ಹೋಗು" ಅಂದ ಹ್ಯಾಲರನ್. "ನೀನು ಬೇಕು ಈಗ."

"ಯಾವತ್ತು ಗೊತ್ತಾಯ್ತು ನಿಂಗೆ?"

"ಏನು?"

"ಯಾವತ್ತು ಗೊತ್ತಾಯ್ತು? ಹೇಳು. ಹೇಳದೆ ನಾನು ಏಳಲ್ಲ."

"ತಲೆ ಕೆಟ್ಟಿದ್ಯೇನೋ ನಿಂಗೆ? ಐದು ನಿಮಿಷ ಇದೆ!"

"ಐದು ನಿಮಿಷ ಇದೆ. ಹೇಳು."

ಮೈದಾನದಲ್ಲಿ ಜಾಕೋ ಚೆಂಡು ಕಳೆದುಕೊಂಡ. ಜನ ಹೋ ಅಂದರು. ನಾನು ಕಾಲು ಚಾಚಿ ಕೂತೆ. ಒಂಬತ್ತು ವರ್ಷದಲ್ಲಿ ಅವನು ಎದ್ದೇಳು ಅಂದಾಗ ನಾನು ಏಳದೆ ಕೂತದ್ದು ಅದೇ ಮೊದಲು. ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು.

"ಗುರುವಾರ!" ಎಂದು ಅರಚಿದ. "ಗುರುವಾರಾನೇ ಗೊತ್ತಿತ್ತು, ಆಯ್ತಾ? ಹಾಗೆ ಹೇಳು ಅಂತ ಸ್ಟೋಕ್‌ಗೆ ಹೇಳಿದ್ದೂ ನಾನೇ. ಗೆಲ್ಬೇಕಿತ್ತು, ಗೆದ್ವಿ. ಸಾಕಾ? ಈಗ ಹೋಗೋ ಒಳಗೆ!"

ರಿಸೀವರ್ ಇಟ್ಟೆ. ಪೀಟ್ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ಬೇಲಿಯ ಕಡೆ ತಿರುಗಿದೆ.

"ಆಂಟಿ! ಗುರುವಾರಾನೇ ಗೊತ್ತಿತ್ತಂತೆ. ಸುಳ್ಳು ಹೇಳ್ಸಿದ್ದೂ ಅವನೇ ಅಂತೆ."

"ಅವನ ಬಾಯಲ್ಲೇ ಅಂದ್ನಾ?"

"ಅವನ ಬಾಯಲ್ಲೇ. ಇವ್ನೂ ಕೇಳ್ದ."

ಅಂಕಲ್ ಕ್ಲೆಮ್ ಪೀಟ್ ಕಡೆ ನೋಡಿದ. ಪೀಟ್‌ಗೆ ಸಣ್ಣ ಮಕ್ಕಳಿದ್ದರು, ಮನೆಯ ಸಾಲವಿತ್ತು, ಕೆಲಸ ಹ್ಯಾಲರನ್ ಕೈಯಲ್ಲಿತ್ತು. ಒಂದು ಕ್ಷಣ ನೆಲ ನೋಡಿದ. ಆಮೇಲೆ ಅಂದ: "ಹೌದು. ನಾನೂ ಕೇಳ್ದೆ. ಯಾರ್ ಕೇಳಿದ್ರೂ ಹೇಳ್ತೀನಿ."

ಅಂಕಲ್ ಟೋಪಿ ತೆಗೆದ. ಮೈದಾನದ ಕಡೆ ಗದ್ದ ಎತ್ತಿ ಕೇಳಿದ: "ಮತ್ತೆ ಈಗ ಹೋಗ್ತೀಯೇನೋ ಒಳಗೆ?"

"ಇಲ್ಲ ಅಂಕಲ್."

"ಹೇಳಿದ್ರೆ ಏಳ್ತೀನಿ ಅಂದಿದ್ಯಲ್ಲೋ?"

"ಹೇಳದೆ ಏಳಲ್ಲ ಅಂದೆ. ಹೇಳಿದ್ರೆ ಏಳ್ತೀನಿ ಅಂತ ಎಲ್ಲಂದೆ?"

ಆಂಟಿ ವರ್ನಾ ಹಲ್ಲು ಬಿಟ್ಟು ನಕ್ಕಳು. ಅಂಕಲ್ ತನ್ನ ತೊಡೆಯ ಮೇಲಿದ್ದ ಬಿಸಿ ಚಿಪ್ಸ್ ಪೊಟ್ಟಣವನ್ನು ಬೇಲಿಯ ಮೇಲಿಂದ ನನ್ನ ಕಡೆ ಚಾಚಿದ. ನಾನು ಬಲಗೈಯಲ್ಲಿ ಇಸಿದುಕೊಂಡು ಬೆಂಚಿನ ಮೇಲೆ ಕೂತು ತಿನ್ನತೊಡಗಿದೆ. ಫೋನು ಮತ್ತೆ ಬಡಿದುಕೊಂಡಿತು. ಪೀಟ್ ಎತ್ತಲಿಲ್ಲ. ದೊಡ್ಡ ಪರದೆಯ ಮೇಲೆ ನನ್ನ ಮುಖ, ಕೈಯಲ್ಲಿ ಚಿಪ್ಸು. ಐವತ್ತು ಸಾವಿರ ಜನ ಛೀಮಾರಿ ಹಾಕಿದರು.

ಕೊನೆಯ ಗಳಿಗೆಯಲ್ಲಿ ಜಾಕೋ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಕಂಬಕ್ಕೆ ಬಡಿದರೆ ಒಂದೇ ಅಂಕ. ಸೈರನ್ ಕೂಗಿತು. ನಾಲ್ಕು ಅಂಕದಿಂದ ಸೋತೆವು. ಮೇಲೆ ಗಾಜಿನ ಹಿಂದೆ ಹ್ಯಾಲರನ್ ಏನನ್ನೋ ಎತ್ತಿ ಎಸೆಯುವುದು ಕಂಡಿತು. ಇದೇ ನನ್ನ ಕೊನೆಯ ಮ್ಯಾಚು ಅಂತ ನನಗೆ ಗೊತ್ತಿತ್ತು.

ಹಸಿರು ಬಾವುಟ ಹಿಡಿದವನೊಬ್ಬ, ನಮ್ಮದೇ ಕ್ಲಬ್ಬಿನವನು, ನ್ಯಾನ್ ಇರುವ ಜೆರ್ಸಿ ತೊಟ್ಟವನು, ಬೇಲಿಗೆ ಬಂದು ನನ್ನ ಮುಖಕ್ಕೇ ಕಿರುಚಿದ:

"ನಿನ್ನಿಂದ್ಲೇ ಸೋತ್ವಿ ಕಣೋ ಕರಿಯಾ!"

"ಹೂಂ" ಅಂದೆ. "ನನ್ನಿಂದ್ಲೇ."